ಚಳಿಗೆ ಹೊತ್ತುವ ದೀಪ

೨೦೨೫ರ ಜನವರಿ ೯, ಗುರುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ನಾರಾವಿಯಲ್ಲಿ ಶೋಧನ್ ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಲೋಕನಾಥ ಒಂದು ಕೈಯಲ್ಲಿ ಸ್ಕ್ಯಾನರ್, ಇನ್ನೊಂದರಲ್ಲಿ ನೋಟುಪುಸ್ತಕ ಹಿಡಿದು ಕಡುನೀಲಿ ಬಣ್ಣದ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಮುಂದೆ ನಿಂತಿದ್ದ. ಒಂದು ಕಾಲಕ್ಕೆ ರಬ್ಬರ್ ಶೀಟಿಗೆ ಹೊಗೆ ಕೊಡುತ್ತಿದ್ದ ಶೆಡ್ಡು ಅದು; ಗೋಡೆಯಲ್ಲಿ ಆ ವಾಸನೆ ಇನ್ನೂ ಉಳಿದಿತ್ತು. ತಾನು ಬರುವವರೆಗೆ ಯಾರೂ ಕಾರಿನ ಕೀ ತಿರುಗಿಸಬಾರದು ಎಂದು ಅವನು ಹಿಂದಿನ ದಿನ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದ. ಬಂಟ್ವಾಳದ ಮನೆಯಿಂದ ಕತ್ತಲೆಯಲ್ಲೇ ಹೊರಟಿದ್ದ. ಹದಿನಾರು ವರ್ಷದಿಂದ ಸ್ವಂತ ವರ್ಕ್‌ಶಾಪ್ ನಡೆಸುತ್ತಿದ್ದವನು ಗಿರಾಕಿಯ ಮನೆಗೆ ಈ ಹೊತ್ತಿಗೆ ಹೋದದ್ದು ಇದೇ ಮೊದಲು.

ಕಾರಣ ಒಂದು ದೀಪ. ಸ್ಟೀರಿಂಗಿನ ಹಿಂದೆ, ಸ್ಪೀಡ್ ತೋರಿಸುವ ಮುಳ್ಳಿನ ಪಕ್ಕದಲ್ಲಿ ಇಂಜಿನ್ ಆಕಾರದ ಸಣ್ಣ ಹಳದಿ ದೀಪ. ಗ್ಯಾರೇಜಿನವರು ಅದಕ್ಕೆ ಚೆಕ್ ಲೈಟ್ ಅನ್ನುತ್ತಾರೆ. ಇಂಜಿನ್ನಿಗೆ ಏನೋ ಆಗಿದೆ ಎಂದಷ್ಟೇ ಅದು ಹೇಳುತ್ತದೆ. ಏನಾಗಿದೆ ಎಂಬುದನ್ನು ಸ್ಕ್ಯಾನರ್ ಚುಚ್ಚಿ ಕೇಳಬೇಕು, ಅದು ಕೊಡುವ ಕೋಡನ್ನು ನಂಬಬೇಕೋ ಬೇಡವೋ ಎಂಬುದನ್ನು ತಲೆ ಓಡಿಸಿ ತೀರ್ಮಾನಿಸಬೇಕು. ಡಿಸೆಂಬರ್ ತಿಂಗಳಲ್ಲಿ ಈ ದೀಪ ನಾಲ್ಕು ಸಲ ಹೊತ್ತಿತ್ತು. ನಾಲ್ಕು ಸಲವೂ ಒಂದೇ ಕೋಡು: ಇಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡವನ್ನು ಅಳೆಯುವ ಸೆನ್ಸರ್ ಸರಿಯಾದ ಲೆಕ್ಕ ಕೊಡುತ್ತಿಲ್ಲ ಎಂದು.

ಶೋಧನ್ ಮಸ್ಕತ್ತಿನಲ್ಲಿ ಹೋಟೆಲ್ ನಡೆಸುವವರು. ವರ್ಷಕ್ಕೊಮ್ಮೆ ನವೆಂಬರ್ ಮಧ್ಯದಲ್ಲಿ ಊರಿಗೆ ಬಂದರೆ ಜನವರಿ ಕೊನೆಗೆ ವಾಪಸು. ಆ ಎರಡೂವರೆ ತಿಂಗಳು ಬಿಟ್ಟರೆ ಕಾರು ಹೊದಿಕೆಯ ಅಡಿಯಲ್ಲೇ ಇರುತ್ತಿತ್ತು. ಓಡಿಸುವುದೂ ಬೆಳ್ಳಂಬೆಳಿಗ್ಗೆಯೇ, ಮೂಡುಬಿದಿರೆ ದಾರಿ ಖಾಲಿ ಇರುವಾಗ. ರಸ್ತೆಯಲ್ಲಿ ಹಂಪು ಕಂಡಲ್ಲೆಲ್ಲ ಓರೆಯಾಗಿ ಹತ್ತಿಸಿ ಇಳಿಸಬೇಕಾದ ಈ ಕಾರಿಗೆ ಅವರ ಹೆಂಡತಿ ಶಶಿಪ್ರಭಾ ‘ಸೊಂಟ ನೋವಿನ ಅಜ್ಜ’ ಎಂದು ಹೆಸರಿಟ್ಟಿದ್ದರು. ದೀಪ ಹೊತ್ತಿದಾಗಲೆಲ್ಲ ಶೋಧನ್ ಮೊದಲು ಮನೆಗೆ ಹೋಗಿ, ತಿಂಡಿ ತಿಂದು, ಹನ್ನೊಂದು ಹನ್ನೆರಡು ಗಂಟೆಯ ಬಿಸಿಲಿಗೆ ಕಾರನ್ನು ಬಂಟ್ವಾಳಕ್ಕೆ ತರುತ್ತಿದ್ದರು. ಅಲ್ಲಿ ನೋಡಿದರೆ ಎಲ್ಲವೂ ಸರಿ. ಸೆನ್ಸರಿನ ಅಂಕಿ ಇಂಜಿನ್ನಿನ ಉಸಿರಿನ ಜೊತೆ ಏರುತ್ತಿತ್ತು, ಇಳಿಯುತ್ತಿತ್ತು. ಲೋಕನಾಥ ಕೋಡನ್ನು ಅಳಿಸಿ ಕಳಿಸುತ್ತಿದ್ದ. ವಾರ ಕಳೆಯುವುದರೊಳಗೆ ಮತ್ತೆ ಅದೇ ಹಳದಿ ದೀಪದ ಫೋಟೋ ಅವನ ಮೊಬೈಲಿಗೆ ಬರುತ್ತಿತ್ತು.

ಇಂಥ ವಿಷಯದಲ್ಲಿ ಸೋಲುವುದು ಅವನಿಗೆ ಅಭ್ಯಾಸವಿರಲಿಲ್ಲ. ಮೂಡುಬಿದಿರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಬಿಎಸ್ಸಿ ಮಾಡಿದವನು. ಬಂಟ್ವಾಳ ತಾಲೂಕಿನಲ್ಲಿ ಸ್ಕ್ಯಾನರ್ ತಂದ ಮೊದಲ ಕೆಲವರಲ್ಲಿ ಒಬ್ಬ. ಪ್ರತಿ ಗಾಡಿಗೂ ನೋಟುಪುಸ್ತಕದಲ್ಲಿ ಒಂದು ಪುಟ. ಯಾವ ದಿನ ಏನು ಬಿಚ್ಚಿದ, ಏನು ಹಾಕಿದ, ಎಷ್ಟು ಅಳತೆ ಬಂತು, ಎಲ್ಲವೂ ಅದರಲ್ಲಿ ಇರುತ್ತಿತ್ತು. ‘ಅಳೆಯದೆ ಮಾತಾಡಬಾರದು’ ಎಂದು ಕೆಲಸದವರಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ.

ಈ ಕೆಲಸಕ್ಕೆ ಅವನನ್ನು ಕೈಹಿಡಿದು ತಂದವರು ಮಾತ್ರ ಏನನ್ನೂ ಬರೆದಿಡದ ಮನುಷ್ಯ. ಪುಂಜಾಲಕಟ್ಟೆಯ ಅಬ್ದುಲ್ ಸಲಾಂ, ಊರವರ ಬಾಯಲ್ಲಿ ಸಲಾಮಾಕ. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ಲೋಕನಾಥನನ್ನು ಗ್ಯಾರೇಜಿಗೆ ಸೇರಿಸಿಕೊಂಡು ಮೂರು ವರ್ಷ ಕೆಲಸ ಕಲಿಸಿದವರು. ಈಗ ಅರವತ್ತಮೂರು, ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ, ಫೋನಿನ ಮಾತನ್ನೆಲ್ಲ ಮಗಳು ಜುಲೈಕಾ ಸ್ಪೀಕರಿನಲ್ಲಿ ಹಾಕಿ ಕೇಳಿಸಬೇಕು. ಶೋಧನ್ ಮನೆಯ ಜೀಪು, ಪಿಕಪ್ಪು ಎಲ್ಲ ಅವರ ತಂದೆಯ ಕಾಲದಿಂದ ಸಲಾಮಾಕನ ಕೈಯಲ್ಲೇ ಇದ್ದವು. ಈ ನವೆಂಬರಿನಲ್ಲಿ ಹತ್ತು ತಿಂಗಳು ನಿಂತಿದ್ದ ಸ್ಪೋರ್ಟ್ಸ್ ಕಾರಿಗೆ ಜೀವ ಕೊಟ್ಟದ್ದೂ ಅವರೇ. ಒತ್ತಡದ ಸೆನ್ಸರ್ ಸತ್ತಿತ್ತು, ಇನ್ನೊಂದು ಹಾಕಿದರು. ಆಮೇಲೆ ಶೋಧನ್‌ಗೆ ಯಾರೋ ‘ಕಂಪ್ಯೂಟರ್ ಇದ್ದವರಿಗೆ ಒಮ್ಮೆ ತೋರಿಸಿ’ ಅಂದರು. ಕಾರು ಲೋಕನಾಥನ ಬಳಿಗೆ ಬಂತು. ನವೆಂಬರ್ ಮೂವತ್ತಕ್ಕೆ ಅವನು ಪೂರ್ತಿ ಸರ್ವಿಸ್ ಮಾಡಿ, ಒಣಗಿ ಬಿರುಕು ಬಿಟ್ಟ ರಬ್ಬರ್ ಪೈಪುಗಳನ್ನೆಲ್ಲ ಹೊಸದು ಹಾಕಿ ಕೊಟ್ಟಿದ್ದ.

ದೀಪ ನಾಲ್ಕನೇ ಸಲ ಹೊತ್ತಿದ್ದು ಡಿಸೆಂಬರ್ ಇಪ್ಪತ್ತಾರಕ್ಕೆ. ಅಂದು ಅವನು ಸೆನ್ಸರನ್ನು ಬಿಚ್ಚಿ ಬೆಳಕಿಗೆ ಹಿಡಿದ. ಮೇಲಿನ ಅಕ್ಷರಗಳು ಅಳಿಸಿದ್ದವು. ಒಂದು ಮೂಲೆಯಲ್ಲಿ ಮಾತ್ರ ಅರ್ಧ ಅಂಕಿ ಉಳಿದಿತ್ತು. ಅದು ನಕಲಿ ಎಂದು ತೀರ್ಮಾನಿಸಲು ಅವನಿಗೆ ಅಷ್ಟು ಸಾಕಾಯಿತು. ಅದನ್ನು ಗಾಳಿ ಎಳೆಯುವ ಕೈಪಂಪಿಗೆ ಜೋಡಿಸಿ, ಒತ್ತಡಕ್ಕೆ ತಕ್ಕ ವೋಲ್ಟ್ ಬರುತ್ತದೋ ಎಂದು ನೋಡಲು ಐದು ನಿಮಿಷ ಸಾಕಿತ್ತು. ಪಂಪು ಗೋಡೆಯಲ್ಲೇ ತೂಗುತ್ತಿತ್ತು. ಅವನು ನೋಡಲಿಲ್ಲ. ಡೂಪ್ಲಿಕೇಟ್ ಮಾಲು ಎಂದು ಶೋಧನ್‌ಗೆ ಹೇಳಿದ. ಅವರು ಸಿಟ್ಟಿನಿಂದ ಈಗಲೇ ಹೋಗಿ ಕೇಳುವ ಅಂದಾಗ ತಾನೂ ಕಾರು ಹತ್ತಿದ.

ಪುಂಜಾಲಕಟ್ಟೆಯಲ್ಲಿ ಗ್ಯಾರೇಜಿನ ಮುಂದೆ ಮೂರು ನಾಲ್ಕು ಗಿರಾಕಿಗಳಿದ್ದರು. ಲೋಕನಾಥ ಸೆನ್ಸರನ್ನು ಸಲಾಮಾಕನ ಮೇಜಿನ ಮೇಲಿಟ್ಟ. ಎಲ್ಲಿಂದ ತಂದದ್ದು ಎಂದು ಕೇಳಿದ, ಅವರ ಎಡಗಿವಿ ಮಂದ ಎಂದು ಗೊತ್ತಿದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ. ಗುಜರಿಗೆ ಬಂದ ಇನ್ನೊಂದು ಕಾರಿನದ್ದು, ಹಳತು, ಆದರೆ ಒರಿಜಿನಲ್, ಹಾಕುವ ಮೊದಲೇ ಶೋಧನ್‌ಗೆ ಹೇಳಿದ್ದೇನೆ ಎಂದು ಸಲಾಮಾಕ ಅಂದರು. ತನಗೆ ನೆನಪಿಲ್ಲ ಎಂದು ಶೋಧನ್ ಅಂದರು. ಸಲಾಮಾಕ ಆಮೇಲೆ ಶೋಧನ್ ಕಡೆ ನೋಡಲಿಲ್ಲ. ಲೋಕನಾಥನನ್ನೇ ನೋಡಿ ಒಂದೇ ಮಾತು ಕೇಳಿದರು.

“ನೀನು ಚೆಕ್ ಮಾಡಿದ್ದೀಯಾ ಮಾರಾಯ?”

“ಮಾಡದೆ ಹೇಳ್ತೇನಾ?” ಎಂದಿದ್ದ ಲೋಕನಾಥ.

ಅದು ಸುಳ್ಳು. ಆ ಹೊತ್ತಿನಲ್ಲಿ ಅದು ಸುಳ್ಳೆಂದು ಅವನಿಗೇ ಅನಿಸಿರಲಿಲ್ಲ.

ಹೊಸದು ಬರುವವರೆಗೆ ಅದೇ ಸೆನ್ಸರನ್ನು ಪುನಃ ಜೋಡಿಸಿಟ್ಟ. ಇಪ್ಪತ್ತೆಂಟಕ್ಕೆ ಹೊಸ ಸೆನ್ಸರ್ ಬಂತು, ಹಾಕಿದ. ದೀಪ ಹೊತ್ತಲಿಲ್ಲ. ಐದು ದಿನ ಕಾದು, ಜನವರಿ ಎರಡರಂದು, ವರ್ಕ್‌ಶಾಪಿನವರ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದ. ಸುಳ್ಯದಿಂದ ಕಾರ್ಕಳದವರೆಗಿನ ನೂರ ನಲವತ್ತು ಮಂದಿ ಇರುವ ಗುಂಪು ಅದು. ‘ನಮ್ಮ ಹಿರಿಯರೇ ಹೀಗೆ ಮಾಡಿದರೆ’ ಎಂದು ಶುರು ಮಾಡಿ, ಪುಂಜಾಲಕಟ್ಟೆ ಎಂದು ಊರಿನ ಹೆಸರು ಹೇಳಿ, ಮನುಷ್ಯನ ಹೆಸರು ಹೇಳದೆ, ಹೇಳುವ ಅಗತ್ಯವೇ ಇಲ್ಲದ ಹಾಗೆ ಎಲ್ಲವನ್ನೂ ಹೇಳಿದ್ದ. ಎರಡು ನಿಮಿಷ ಹತ್ತು ಸೆಕೆಂಡಿನ ಮೆಸೇಜು. ಭೇಷ್ ಎನ್ನುವ ಹೆಬ್ಬೆರಳಿನ ಗುರುತುಗಳು ಸಾಲಾಗಿ ಬಂದಿದ್ದವು. ಶೋಧನ್ ಮನೆಯ ಜೀಪು, ಪಿಕಪ್ಪು ಎರಡೂ ಬಂಟ್ವಾಳಕ್ಕೆ ಬಂದವು. ಅವರ ಪರಿಚಯದ ವೇಣೂರಿನ ಇಬ್ಬರ ಗಾಡಿಗಳೂ ಹಿಂದೆಯೇ ಬಂದವು.

ಜನವರಿ ಏಳರ ಬೆಳಿಗ್ಗೆ ಮತ್ತೆ ಹಳದಿ ದೀಪದ ಫೋಟೋ ಬಂತು. ಕೋಡು ಅದೇ. ಸೆನ್ಸರ್ ಮಾತ್ರ ಈಗ ಅವನದೇ.

ಎರಡು ದಿನ ಅವನು ಊಟಕ್ಕೆ ಕೂತಾಗಲೂ ಅದನ್ನೇ ಯೋಚಿಸುತ್ತಿದ್ದ. ವಯರಿಂಗ್ ಇರಬಹುದು, ಕಂಪ್ಯೂಟರ್ ಪೆಟ್ಟಿಗೆ ಇರಬಹುದು ಎಂದು ಹೆಂಡತಿ ಕೇಳದಿದ್ದರೂ ವಿವರಿಸಿದ. ಕಡೆಗೆ ಅವನ ಓದಿದ ಬುದ್ಧಿ ಒಂದು ನೇರ ಪ್ರಶ್ನೆ ಕೇಳಿತು: ನಾರಾವಿಯ ಬೆಳಿಗ್ಗೆಯಲ್ಲಿ ಇದ್ದು ಬಂಟ್ವಾಳದ ಮಧ್ಯಾಹ್ನದಲ್ಲಿ ಇಲ್ಲದ್ದು ಏನು? ಅದನ್ನು ನೋಡಲಿಕ್ಕೇ ಅವನು ಈಗ ಶೆಡ್ಡಿನಲ್ಲಿ ನಿಂತದ್ದು.

ಕೀ ಒಂದು ಹಂತ ತಿರುಗಿಸಿ, ಇಂಜಿನ್ ಎಬ್ಬಿಸದೆ ಸ್ಕ್ಯಾನರ್ ಓದಿದ. ಇಂಜಿನ್ನಿನ ನೀರು ಹದಿನೆಂಟು ಡಿಗ್ರಿ, ಒಳಗಿನ ಗಾಳಿಯೂ ಹದಿನೆಂಟು. ಎರಡನ್ನೂ ಬರೆದುಕೊಂಡ. ಆಮೇಲೆ ಸ್ಟಾರ್ಟ್ ಮಾಡಿದ. ಇಂಜಿನ್ ಎದ್ದ ಕೂಡಲೇ ಒತ್ತಡದ ಅಂಕಿ ಮೂರನೇ ಒಂದು ಭಾಗಕ್ಕೆ ಇಳಿಯಬೇಕು. ಇಳಿಯಲಿಲ್ಲ. ತೊಂಬತ್ತೇಳರಲ್ಲಿ ಕೂತದ್ದು ಕೂತೇ ಇತ್ತು. ಇಂಜಿನ್ ಉಬ್ಬಸ ಹಿಡಿದವರ ಹಾಗೆ ನಡುಗಿತು. ಒಂದು ನಿಮಿಷದೊಳಗೆ ಹಳದಿ ದೀಪ ಹೊತ್ತಿತು. ಅವನು ಕೂಡಲೇ ಆಫ್ ಮಾಡಿದ; ಬಿಸಿ ಏರಿದರೆ ಸಾಕ್ಷಿ ಹೋಗುತ್ತದೆ ಎಂದು ಅವನಿಗೆ ಯಾಕೋ ಅನಿಸಿತ್ತು.

ಸೆನ್ಸರಿಗೂ ಇಂಜಿನ್ನಿಗೂ ನಡುವೆ ಇರುವುದು ಪೆನ್ಸಿಲ್ ದಪ್ಪದ ಒಂದು ರಬ್ಬರ್ ಪೈಪು ಮಾತ್ರ. ನಡುವೆ ಸ್ವಲ್ಪ ಜೋತು ಬಿದ್ದಿತ್ತು. ಎರಡೂ ತುದಿ ಕಳಚಿ ಒಂದು ತುದಿಯನ್ನು ಬಾಯಿಗಿಟ್ಟು ಊದಿದ. ಗಾಳಿ ಹೋಗಲಿಲ್ಲ. ಕೆನ್ನೆ ಉಬ್ಬಿಸಿ ಊದಿದ. ಹೋಗಲಿಲ್ಲ.

ಆಗಲೇ ಶಶಿಪ್ರಭಾ ಚಹಾ ಹಿಡಿದುಕೊಂಡು ಬಂದರು. ಇನ್ನೊಂದು ಕೈಯಲ್ಲಿ ತೆಂಗಿನೆಣ್ಣೆಯ ಬಾಟ್ಲಿ. ಚಹಾವನ್ನು ಅವನಿಗೆ ಕೊಟ್ಟು, ಬಾಟ್ಲಿಯನ್ನು ಶೆಡ್ಡಿನ ಹೊರಗೆ ಎಳೆಬಿಸಿಲು ಬೀಳುವ ಕಟ್ಟೆಯ ಮೇಲಿಟ್ಟರು. ಒಳಗೆ ಎಣ್ಣೆ ಮೇಣದ ಹಾಗೆ ಬೆಳ್ಳಗೆ ಗಟ್ಟಿಯಾಗಿತ್ತು.

“ನಡುವೆ ಎಂಟು ದಿನ ಮೋಡ ಇತ್ತಲ್ಲ ಲೋಕಣ್ಣ, ಆಗ ಇದರ ಉಪದ್ರ ಇರಲಿಲ್ಲ,” ಎಂದರು. “ಮೊನ್ನೆಯಿಂದ ಪುನಃ ಶುರುವಾಯ್ತು. ಹತ್ತು ಗಂಟೆ ಆಗದೆ ತಲೆಗೆ ಹಾಕ್ಲಿಕ್ಕೆ ಒಂದು ಹನಿ ಸಿಗುವುದಿಲ್ಲ.”

ಲೋಕನಾಥನ ಕೈಯಲ್ಲಿ ಚಹಾದ ಗ್ಲಾಸು ಹಾಗೆಯೇ ಉಳಿಯಿತು. ಶಶಿಪ್ರಭಾ ಹೋದ ಮೇಲೆ ಅದನ್ನು ನೆಲಕ್ಕಿಟ್ಟು ಬ್ಲೇಡು ತೆಗೆದ. ಪೈಪನ್ನು ಉದ್ದಕ್ಕೆ ಸೀಳಿದ. ಜೋತು ಬಿದ್ದಿದ್ದ ಜಾಗದಲ್ಲಿ ಒಂದು ಬಿಳಿಯ ತುಂಡು ಕೂತಿತ್ತು, ಎಳೆಯ ಮಗುವಿನ ಬೆರಳಿನ ತುದಿಯ ಹಾಗೆ. ಉಗುರಿನಿಂದ ಕೆರೆದು ಮೂಗಿಗೆ ಹಿಡಿದ. ಹಿಡಿಯುವ ಅಗತ್ಯವಿರಲಿಲ್ಲ.

ಮೂಡುಬಿದಿರೆಯ ಕಾಲೇಜಿನ ಲ್ಯಾಬು ಅವನ ಕಣ್ಣ ಮುಂದೆ ಬಂತು. ಬೀಕರಿನ ನೀರಿನೊಳಗೆ ಥರ್ಮಾಮೀಟರ್, ಅದಕ್ಕೆ ದಾರದಿಂದ ಕಟ್ಟಿದ ಕೂದಲೆಳೆಯಂಥ ಗಾಜಿನ ಕೊಳವೆ, ಅದರೊಳಗೆ ಬೆಳ್ಳಗಿನ ಕೊಬ್ಬು. ನೀರು ನಿಧಾನಕ್ಕೆ ಬಿಸಿಯಾಗುತ್ತ ಕೊಬ್ಬು ಕರಗಿ ತಿಳಿಯಾಗುವ ಕ್ಷಣದ ಡಿಗ್ರಿಯನ್ನು ಬರೆಯಬೇಕು. ಇಪ್ಪತ್ತನಾಲ್ಕರ ಸುತ್ತಮುತ್ತ ತೆಂಗಿನೆಣ್ಣೆ. ಪ್ರಾಕ್ಟಿಕಲ್ ರೆಕಾರ್ಡಿಗೆ ಅವನಿಗೆ ಪೂರ್ತಿ ಅಂಕ ಬಂದಿತ್ತು. ಆ ಪ್ರಯೋಗವನ್ನೇ ಈ ಕಾರು ನಲವತ್ತು ದಿನದಿಂದ ಅವನಿಗೆ ಮಾಡಿ ತೋರಿಸುತ್ತಿತ್ತು: ನಾರಾವಿಯ ಚಳಿಯಲ್ಲಿ ಪೈಪು ಕಟ್ಟುತ್ತಿತ್ತು, ದೀಪ ಹೊತ್ತುತ್ತಿತ್ತು, ಇಂಜಿನ್ ಬಿಸಿಯೇರಿದ ಮೇಲೆ ಎಣ್ಣೆ ಕರಗಿ ದಾರಿ ಬಿಡುತ್ತಿತ್ತು. ಮೋಡದ ದಿನಗಳಲ್ಲಿ ಬೆಳಗೂ ಸೆಕೆಯಾಗಿದ್ದರಿಂದ ಕಟ್ಟಲೇ ಇಲ್ಲ. ಅವನ ಹೊಸ ಸೆನ್ಸರಿನ ಗೆಲುವು ಆ ಮೋಡದ್ದಾಗಿತ್ತು.

ಮೊದಲು ಬಂದ ಯೋಚನೆ, ಸಲಾಮಾಕ ಹಾಕಿರಬಹುದು ಎಂಬುದು. ಆ ಯೋಚನೆ ಬಂದ ವೇಗವನ್ನು ಅವನು ಆಮೇಲೆ ಬಹಳ ದಿನ ಮರೆಯಲಿಲ್ಲ. ಆಸೆಯಿಂದಲೇ ನೋಟುಪುಸ್ತಕ ತೆರೆದ. ನವೆಂಬರ್ ಮೂವತ್ತರ ಪುಟದಲ್ಲಿ ಅವನದೇ ದುಂಡಗಿನ ಅಕ್ಷರ: ‘ಒತ್ತಡದ ಸೆನ್ಸರ್ ಪೈಪು ಹೊಸದು, ೪೨ ಸೆಂ.ಮೀ. ತುದಿ ಬಿಗಿ. ತೆಂ. ಎಣ್ಣೆ ೨ ಹನಿ.’ ಡಿಸೆಂಬರ್ ಹದಿಮೂರು: ‘ಪೈಪು ಕಳಚಿ ನೋಡಿದೆ. ಪುನಃ ಜೋಡಣೆ. ತೆಂ. ಎಣ್ಣೆ ೨ ಹನಿ.’ ಇಪ್ಪತ್ತಾರು, ಇಪ್ಪತ್ತೆಂಟು. ಪ್ರತಿ ಸಲ ರೋಗ ಹುಡುಕಲು ಬಿಚ್ಚಿ, ಪ್ರತಿ ಸಲ ಮತ್ತೆರಡು ಹನಿ ಬಿಟ್ಟಿದ್ದ. ಒಟ್ಟು ಎಂಟು.

ಬಿಗಿಯಾದ ರಬ್ಬರ್ ಪೈಪು ಜಾರಿ ಕೂರಲು ತೆಂಗಿನೆಣ್ಣೆ ಮುಟ್ಟಿಸುವುದು ಈ ಕಡೆಯ ಗ್ಯಾರೇಜುಗಳಲ್ಲಿ ಹೊಸ ಸಂಗತಿಯಲ್ಲ. ಅವನು ಕಲಿತದ್ದೂ ಸಲಾಮಾಕನಿಂದಲೇ. ಅವರ ಮೇಜಿನ ಮೇಲೆ ಎಣ್ಣೆಯ ಬಾಟ್ಲಿ ಯಾವಾಗಲೂ ಇರುತ್ತಿತ್ತು. ಡೀಸೆಲ್ ತಾಗಿದರೆ ರಬ್ಬರ್ ಉಬ್ಬುತ್ತದೆ, ಗ್ರೀಸಿಗೆ ಧೂಳು ಹಿಡಿಯುತ್ತದೆ, ಇದು ಮನೆಯ ವಸ್ತು, ಯಾರಿಗೂ ತೊಂದರೆ ಕೊಡುವುದಿಲ್ಲ ಎನ್ನುತ್ತಿದ್ದರು. ಆದರೆ ಅವರು ಬೆರಳಿಗೆ ಎಣ್ಣೆ ಮುಟ್ಟಿಸಿ ಪೈಪು ಕೂರಬೇಕಾದ ಗಟ್ಟಿ ಕೊಳವೆಯ ಹೊರಮೈಗೆ ಸವರಿ, ಉಳಿದದ್ದನ್ನು ಬಟ್ಟೆಯಿಂದ ಒರೆಸಿ ಪೈಪು ಏರಿಸುತ್ತಿದ್ದರು. ಲೋಕನಾಥ ಪೈಪಿನ ಬಾಯಿಗೇ ಹನಿ ಬಿಡುತ್ತಿದ್ದ. ಒರೆಸುವುದನ್ನು ಬಿಟ್ಟು ಎಷ್ಟು ವರ್ಷವಾಯಿತೋ ಅವನಿಗೇ ಗೊತ್ತಿಲ್ಲ.

ಕೈ ತನ್ನಷ್ಟಕ್ಕೆ ವರ್ನಿಯರ್ ತೆಗೆಯಿತು. ಬಿಳಿಯ ತುಂಡಿನ ಉದ್ದ ಅಳೆದು ಪುಟದ ಕೆಳಗೆ ಅಂಕಿ ಬರೆದ. ಬಿಚ್ಚಿದ ಪ್ರತಿ ಬಿಡಿಭಾಗದ ಫೋಟೋ ತೆಗೆಯುವವನು ಇದರ ಫೋಟೋ ತೆಗೆಯಲಿಲ್ಲ. ಸೀಳಿದ ಪೈಪನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದ. ಹೊಸ ಪೈಪು ಕತ್ತರಿಸಿ, ಎಣ್ಣೆ ಮುಟ್ಟಿಸದೆ, ಬಿಸಿ ಚಹಾದ ಗ್ಲಾಸಿನಲ್ಲಿ ತುದಿಗಳನ್ನು ಅದ್ದಿ ಮೆತ್ತಗಾಗಿಸಿ, ಒರೆಸಿ ಏರಿಸಿದ. ಸ್ಟಾರ್ಟ್ ಮಾಡಿದ. ಅಂಕಿ ಸರ್ರನೆ ಮೂವತ್ತೆರಡಕ್ಕೆ ಇಳಿಯಿತು. ಕೋಡು ಅಳಿಸಿದ. ದೀಪ ಆರಿತು.

ಶೋಧನ್ ಸ್ನಾನ ಮುಗಿಸಿ ತಲೆ ಒರೆಸುತ್ತ ಬಂದರು. ಇಂಜಿನ್ನಿನ ಸದ್ದು ಕೇಳಿ ಮುಖ ಅರಳಿತು. ಎಂತ ಇತ್ತು ಎಂದು ಕೇಳಿದರು. ಪೈಪು ಬ್ಲಾಕ್ ಆಗಿತ್ತು, ಬದಲಿಸಿದೆ, ಇನ್ನು ಬರುವುದಿಲ್ಲ ಎಂದ ಲೋಕನಾಥ. ಮೂರು ಮಾತು, ಮೂರೂ ನಿಜ.

“ಹಾಗಾದ್ರೆ ಸೆನ್ಸರೂ ಹಾಳು, ಪೈಪೂ ಹಾಳು,” ಎಂದ ಶೋಧನ್ ಸಲಾಮಾಕನನ್ನು ಜನಾಂಗದ ಹೆಸರಿನಲ್ಲೇ ಕರೆದರು. “ಆ ಬ್ಯಾರಿ ಎಂತದೆಲ್ಲ ಹಾಕಿ ಇಟ್ಟಿದ್ದ ಮಾರಾಯ್ರೆ. ನಿಮ್ಮ ಕೈಗೆ ಬಂದದ್ದು ಪುಣ್ಯ.”

ಲೋಕನಾಥ ಬಾನೆಟ್ ಮುಚ್ಚಿದ. ಆ ಸದ್ದಿನಲ್ಲಿ ಮಾತಾಡಬೇಕಾಗಿರಲಿಲ್ಲ. ಕೈ ತೊಳೆದು, ತಿಂಡಿಗೆ ಕೂರಿ ಎಂದು ಶಶಿಪ್ರಭಾ ಹೇಳಿದ್ದಕ್ಕೆ ಕೆಲಸ ಉಂಟು ಎಂದು ಹೇಳಿ ಹೊರಟ. ಕಟ್ಟೆಯ ಮೇಲಿನ ಬಾಟ್ಲಿಯಲ್ಲಿ ಬಿಸಿಲಿನ ಕಡೆಯ ಎಣ್ಣೆ ಆಗಲೇ ತಿಳಿಯಾಗತೊಡಗಿತ್ತು.

ವೇಣೂರಿನಲ್ಲಿ ದಾರಿ ಎರಡಾಗುತ್ತದೆ. ಬಂದ ದಾರಿಯಲ್ಲೇ ಸಿದ್ಧಕಟ್ಟೆಗಾಗಿ ಹೋದರೆ ನೇರ ಬಂಟ್ವಾಳ. ಗುರುವಾಯನಕೆರೆಗಾಗಿ ಸುತ್ತಿದರೆ ಪುಂಜಾಲಕಟ್ಟೆ ಸಿಗುತ್ತದೆ. ಕವಲಿನ ಮೊದಲು ಅವನು ಗಾಡಿಯನ್ನು ಬದಿಗೆ ಹಾಕಿದ. ಯೋಚಿಸಿ ನೋಡಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ದೀಪ ಇನ್ನು ಹೊತ್ತುವುದಿಲ್ಲ. ಚೀಲದೊಳಗಿನ ಪೈಪಿನಲ್ಲಿ ಒಂಬತ್ತು ಗಂಟೆಯ ಹೊತ್ತಿಗೆ ಒಂದು ಒದ್ದೆ ಗುರುತು ಮಾತ್ರ ಉಳಿಯುತ್ತದೆ. ಶೋಧನ್ ಇಪ್ಪತ್ತು ದಿನದಲ್ಲಿ ಮಸ್ಕತ್ತಿಗೆ ಹೋಗುತ್ತಾರೆ.

ಗಾಡಿಯ ಪೆಟ್ಟಿಗೆಯಲ್ಲಿ ಹಳೆಯ ಸೆನ್ಸರ್ ಇತ್ತು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ತಾರೀಕು ಬರೆದು, ಸಾಕ್ಷಿಯೆಂದು ಇಟ್ಟುಕೊಂಡಿದ್ದ. ಅದು ನಿಜವಾಗಿಯೂ ಹಾಳಾಗಿರಲಿ ಎಂದು ಅವನು ಬಯಸಿದ. ಅರ್ಧದಷ್ಟಾದರೂ. ಕೈಪಂಪು ಜೋಡಿಸಿ, ಬ್ಯಾಟರಿಯಿಂದ ಕರೆಂಟು ಕೊಟ್ಟು, ಬಿಟ್ಟು ಬಂದ ಕೆಲಸವನ್ನು ಹದಿನಾಲ್ಕು ದಿನ ತಡವಾಗಿ ಮಾಡಿದ. ಪಂಪನ್ನು ಒಂದೊಂದೇ ಹಂತ ಎಳೆದು ವೋಲ್ಟ್ ಬರೆದ. ಹೊಸ ಸೆನ್ಸರಿನ ಅಂಕಿಗಳು ಅದೇ ಪುಟದ ಮೇಲ್ಭಾಗದಲ್ಲಿದ್ದವು. ಒಂದರ ಪಕ್ಕ ಒಂದು ಇಟ್ಟು ನೋಡಿದ. ಎಲ್ಲೂ ವ್ಯತ್ಯಾಸವಿರಲಿಲ್ಲ. ಐದು ನಿಮಿಷವೂ ಬೇಕಾಗಲಿಲ್ಲ, ಮೂರೂವರೆ ಸಾಕಾಯಿತು.

ಹೆದ್ದಾರಿ ಬದಿಯ ಅಂಗಡಿಯವನೊಬ್ಬ ತನ್ನನ್ನೇ ನೋಡುತ್ತಿದ್ದಾನೆ ಎಂದು ಅನಿಸಿತು. ಅವನು ಬಾಳೆಗೊನೆ ನೇತು ಹಾಕುತ್ತಿದ್ದ, ಅಷ್ಟೇ. ‘ಮಾಡದೆ ಹೇಳ್ತೇನಾ’ ಎಂದ ತನ್ನ ಸ್ವರ ಲೋಕನಾಥನಿಗೆ ಮತ್ತೆ ಮತ್ತೆ ಕೇಳಿಸಿತು. ಗಾಡಿಯನ್ನು ಗುರುವಾಯನಕೆರೆ ಕಡೆಗೆ ತಿರುಗಿಸಿದ.

ಪುಂಜಾಲಕಟ್ಟೆಗೆ ಮುಟ್ಟಿದಾಗ ಒಂಬತ್ತೂಮುಕ್ಕಾಲು. ಗ್ಯಾರೇಜಿನಲ್ಲಿ ಒಂದು ಆಟೋರಿಕ್ಷಾ ಮಾತ್ರ ಇತ್ತು. ಸಲಾಮಾಕ ಸ್ಟೂಲಿನಲ್ಲಿ ಕೂತು ಅದರ ಬ್ರೇಕ್ ಬಿಚ್ಚುತ್ತಿದ್ದರು. ಜುಲೈಕಾ ಒಳಗೆ ಬಿಡಿಭಾಗಗಳ ಕಪಾಟು ಒರೆಸುತ್ತಿದ್ದವಳು ಅವನನ್ನು ಕಂಡು ಕೈ ನಿಲ್ಲಿಸಿದಳು, ಬನ್ನಿ ಅನ್ನಲಿಲ್ಲ. ಅವನು ಸಲಾಮಾಕನ ಬಲಗಿವಿಯ ಬದಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತ, ಹಿಂದೆ ಕೆಲಸ ಕಲಿಯುವಾಗ ಕೂರುತ್ತಿದ್ದ ಹಾಗೆ. ಸೆನ್ಸರನ್ನು ಚೀಲದಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ಎಲ್ಲ ಹೇಳಿದ. ಪೈಪು, ಎಣ್ಣೆ, ಚಳಿ, ಮೋಡ. ನಡುವೆ ಎಲ್ಲಿಯೂ ಸಲಾಮಾಕ ತಲೆ ಎತ್ತಲಿಲ್ಲ. ಒಂದು ಸ್ಪ್ರಿಂಗನ್ನು ಇಕ್ಕಳದಿಂದ ಎಳೆದು ಕೂರಿಸಿದರು.

“ಅವತ್ತು ನಾನು ಚೆಕ್ ಮಾಡಿರಲಿಲ್ಲ ಸಲಾಮಾಕ,” ಎಂದ ಕಡೆಗೆ. “ಇವತ್ತು ಮಾಡಿದ್ದು.”

“ಗೊತ್ತುಂಟು,” ಎಂದರು ಅವರು.

ಗೊತ್ತಿತ್ತು. ಅಂದೇ ಗೊತ್ತಿತ್ತು. ಲೋಕನಾಥ ಬಯಲು ಮಾಡಲು ಬಂದಿದ್ದ ಸುಳ್ಳು ಅವರ ಬಳಿ ಎರಡು ವಾರದಿಂದ ಇತ್ತು.

ಸಲಾಮಾಕ ಕೈ ಚಾಚಿ ಸೆನ್ಸರ್ ತೆಗೆದುಕೊಂಡು, ಅಂಗಿಯ ಅಂಚಿನಿಂದ ಒರೆಸಿ, ಮಗಳ ಕೈಗೆ ಕೊಟ್ಟರು. ಒಳ್ಳೆ ಮಾಲು, ಒಳಗಿಡು ಎಂದರು. ಜುಲೈಕಾ ಅದನ್ನು ಕಪಾಟಿನಲ್ಲಿಟ್ಟು ಬಂದು ಲೋಕನಾಥನ ಎದುರು ನಿಂತಳು. ಅವನು ಈ ಗ್ಯಾರೇಜಿನಲ್ಲಿದ್ದಾಗ ಅವಳು ಶಾಲೆಗೆ ಹೋಗುತ್ತಿದ್ದಳು, ಗಣಿತದ ಲೆಕ್ಕಗಳನ್ನು ಅವನೇ ಹೇಳಿಕೊಟ್ಟಿದ್ದ.

“ನಿಮ್ಮ ಆ ಮೆಸೇಜನ್ನು ಬಾಪನಿಗೆ ಇದೇ ಸ್ಪೀಕರಿನಲ್ಲಿ ಹಾಕಿದ್ದು ನಾನೇ ಲೋಕಣ್ಣ. ನಿಮ್ಮ ಸ್ವರ ಕೇಳಿ ಖುಷಿಯಾಯ್ತು ಅವರಿಗೆ, ಜೋರು ಮಾಡು ಅಂದ್ರು. ಅಂಗಡಿಯಲ್ಲಿ ಆರು ಜನ ಇದ್ದರು,” ಎಂದಳು. “ಈಗ ಇಲ್ಲಿ ಕೂತು ಗುಟ್ಟಿನಲ್ಲಿ ಹೇಳಿದ್ರೆ ಎಂತ ಪ್ರಯೋಜನ? ಅಲ್ಲಿ ಹೇಳಿ.”

ಹೇಳುತ್ತೇನೆ, ಮನೆಗೆ ಹೋಗಿ ಸರಿಯಾಗಿ ಬರೆದು ಹಾಕುತ್ತೇನೆ ಎಂದ. ಅವಳು ಕದಲಲಿಲ್ಲ. ಅವನು ಫೋನು ತೆಗೆದು, ಅಂಗಳದ ಅಂಚಿಗೆ ಹೋಗಿ, ಬೆನ್ನು ತಿರುಗಿಸಿ ಮಾತಾಡಿದ. ಪುಂಜಾಲಕಟ್ಟೆಯ ಸೆನ್ಸರ್ ವಿಷಯದಲ್ಲಿ ಸ್ವಲ್ಪ ತಪ್ಪು ತಿಳಿವಳಿಕೆಯಾಗಿತ್ತು, ಸೆನ್ಸರ್ ಸರಿಯಿದೆ, ಪೈಪಿನಲ್ಲಿ ಎಣ್ಣೆ ಸೇರಿ ತೊಂದರೆಯಾಗಿತ್ತು, ದಯವಿಟ್ಟು ಗಮನಿಸಿ. ಹದಿನೇಳು ಸೆಕೆಂಡು. ಕಳಿಸಿದ. ಜುಲೈಕಾಳ ಫೋನಿನಲ್ಲಿ ಟಿಂಗ್ ಎಂದಿತು. ಅವಳು ಅದನ್ನು ಅಪ್ಪನ ಕಿವಿಯ ಬಳಿ ಸ್ಪೀಕರಿನಲ್ಲಿ ಹಾಕಿದಳು. ಆಟೋರಿಕ್ಷಾದ ಡ್ರೈವರ್ ಸುಧಾಕರನೂ ಕತ್ತು ಚಾಚಿ ಕೇಳಿದ.

“ಎಣ್ಣೆ ಹೇಗೆ ಸೇರಿತಂತೆ?” ಸಲಾಮಾಕ ಕೇಳಿದರು. “ನಡೆದುಕೊಂಡು ಹೋಯ್ತಾ?”

ಸುಧಾಕರ ನಕ್ಕ. ಲೋಕನಾಥ ನೆಲ ನೋಡಿದ. ಮೆಸೇಜನ್ನು ಅಳಿಸಿದ. ಬೆರಳು ಮತ್ತೆ ಒತ್ತಲು ಹಿಂಜರಿಯುವುದನ್ನು ಸಲಾಮಾಕ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆತ್ತಗೆ, ತಮ್ಮ ಕೆಲಸದ ಕಡೆಗೇ ನೋಡುತ್ತ ಹೇಳಿದರು:

“ಎಣ್ಣೆ ಹಾಕ್ಲಿಕ್ಕೆ ನಾನೇ ಕಲಿಸಿದ್ದಲ್ವಾ. ಹಾಗೆಯೇ ಹೇಳು. ಅರ್ಧ ನನ್ನ ಮೇಲೆ ಇರಲಿ.”

ಎದೆಯೊಳಗೆ ಏನೋ ಸಡಿಲವಾದ ಹಾಗಾಯಿತು. ಇದು ನಿಜವೂ ಹೌದು, ಅರ್ಧ ನಿಜ. ಇಷ್ಟು ಹೊತ್ತು ತಾನು ಹೇಳುತ್ತ ಬಂದ ಅರ್ಧ ನಿಜಗಳ ಸಾಲಿಗೆ ಇದೂ ಒಂದು ಸೇರುತ್ತಿತ್ತು. ಆ ಸಡಿಲಿಕೆ ಗಮನಕ್ಕೆ ಬಂದದ್ದೇ ತಡ, ಬೆಳಿಗ್ಗೆಯಿಂದ ಆಗಿದ್ದ ಎಲ್ಲ ನಾಚಿಕೆಗಿಂತ ಹೆಚ್ಚಿನ ನಾಚಿಕೆ ಅವನಿಗಾಯಿತು. ಮೇಜಿನ ಮೇಲೆ ಎಣ್ಣೆಯ ಬಾಟ್ಲಿ ಇತ್ತು. ಅದರ ಕುತ್ತಿಗೆಗೆ ಕಟ್ಟಿದ ಒರೆಸುವ ಬಟ್ಟೆಯೂ ಇತ್ತು, ಅಂದಿನ ಹಾಗೆಯೇ.

“ನೀವು ಒರೆಸ್ಲಿಕ್ಕೆ ಸಹ ಕಲಿಸಿದ್ದೀರಿ,” ಎಂದ.

ಈ ಸಲ ಅವನು ಎದ್ದು ಹೋಗಲಿಲ್ಲ. ಅಲ್ಲೇ ಕೂತು, ಮೂವರ ಎದುರು, ಫೋನು ಬಾಯಿಯ ಹತ್ತಿರ ಹಿಡಿದ. ತನ್ನ ಹೆಸರು ಹೇಳಿದ, ಊರು ಹೇಳಿದ. ಪುಂಜಾಲಕಟ್ಟೆಯ ಅಬ್ದುಲ್ ಸಲಾಂ ಅವರು ಹಾಕಿದ ಸೆನ್ಸರ್ ಒರಿಜಿನಲ್, ಅದು ಹಳತೆಂದು ಅವರು ಅಂದೇ ಹೇಳಿದ್ದರು, ನಾನು ಅದನ್ನು ಪರೀಕ್ಷೆ ಮಾಡದೆ ಡೂಪ್ಲಿಕೇಟ್ ಅಂದೆ, ಮಾಡಿದ್ದೇನೆ ಎಂದು ಅವರ ಮುಖಕ್ಕೇ ಸುಳ್ಳು ಹೇಳಿದೆ ಎಂದ. ಪೈಪಿನೊಳಗೆ ತೆಂಗಿನೆಣ್ಣೆ ಬಿಟ್ಟವನು ನಾನು, ನಾಲ್ಕು ಸಲ, ಎರಡೆರಡು ಹನಿ. ಚಳಿಗೆ ಅದು ಗಟ್ಟಿಯಾಗುತ್ತಿತ್ತು. ಅವರ ಕೈಯಿಂದ ನನ್ನ ಕಡೆಗೆ ಬಂದ ಗಾಡಿಗಳನ್ನು ನಾನೇ ಗಿರಾಕಿಗಳಿಗೆ ಹೇಳಿ ವಾಪಸು ಕಳಿಸುತ್ತೇನೆ. ಸ್ವರ ಎರಡು ಕಡೆ ಒಡೆಯಿತು, ಹಾಗೆಯೇ ಬಿಟ್ಟ. ಗುಂಪಿಗೆ ಕಳಿಸಿ, ಅದನ್ನೇ ಶೋಧನ್‌ಗೂ ಕಳಿಸಿದ.

ಶೋಧನ್ ಕೇಳಿದ ಗುರುತು ಬಂತು, ಉತ್ತರ ಬರಲಿಲ್ಲ. ಗುಂಪಿನಲ್ಲಿ ಅಂದು ಸಾಲಾಗಿ ಬಂದಿದ್ದ ಹೆಬ್ಬೆರಳುಗಳು ಇಂದು ಒಂದೂ ಬರಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಜುಲೈಕಾ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದಿದಳು. ಬಿಎಸ್ಸಿ ಓದಿದವರು ಕಾರಿಗೆ ತಲೆಸ್ನಾನ ಮಾಡಿಸುತ್ತಾರೆ ಎಂದು ಉಜಿರೆಯವನು. ಇನ್ನು ಮೇಲೆ ಸ್ಕ್ಯಾನರಿಗೂ ಸ್ವಲ್ಪ ಹಚ್ಚಿ ಎಂದು ಇನ್ನೊಬ್ಬ. ಸಲಾಮಾಕನ ಕಾಲಿಗೆ ಬಿದ್ದು ಬಾ ಎಂದು ಮತ್ತೊಬ್ಬ, ಅದು ತಮಾಷೆಯಾಗಿರಲಿಲ್ಲ. ಸಲಾಮಾಕ ಬ್ರೇಕಿನ ಡ್ರಮ್ಮನ್ನು ಕೂರಿಸಿ, ಅಂಗೈಯಿಂದ ತಟ್ಟಿ, ತಿರುಗಿಸಿ ನೋಡುತ್ತಿದ್ದರು. ತಲೆಸ್ನಾನದ ಮಾತಿಗೆ ಅವರ ಭುಜ ಒಮ್ಮೆ ಕುಲುಕಿದ ಹಾಗಿತ್ತು. ನಕ್ಕದ್ದೋ, ಡ್ರಮ್ಮು ಬಿಗಿಯಾದದ್ದೋ, ಹೇಳುವ ಹಾಗಿರಲಿಲ್ಲ.

ಕಡೆಗೆ ಸಿದ್ಧಕಟ್ಟೆಯ ಒಬ್ಬ ಬರೆದ: ನಂಬುವ ಹಾಗಿಲ್ಲ ಮಾರಾಯ, ಎರಡು ಹನಿ ಎಣ್ಣೆಗೆ ಇಂಜಿನ್ ನಿಲ್ಲುತ್ತದಾ, ಎಷ್ಟು ದೊಡ್ಡ ಗಟ್ಟಿ ಇತ್ತು, ಫೋಟೋ ಹಾಕು.

ಲೋಕನಾಥ ಬಟ್ಟೆ ಬಿಡಿಸಿ ಪೈಪು ನೋಡಿದ. ಸೀಳಿನ ಉದ್ದಕ್ಕೂ ಒದ್ದೆ ಹೊಳಪು ಮಾತ್ರ ಇತ್ತು. ಫೋಟೋ ಇಲ್ಲ ಎಂದ, ಯಾರಿಗೂ ಅಲ್ಲ ಎಂಬಂತೆ.

“ಅಳೆದಿದ್ದೀಯಾ?” ಸಲಾಮಾಕ ಕೇಳಿದರು.

“ಅಳೆದಿದ್ದೇನೆ.”

“ಹಾಗಾದ್ರೆ ಉತ್ತರ ಕೊಡು.”

ನೋಟುಪುಸ್ತಕ ತೆರೆದು ಪುಟದ ಕೆಳಗಿನ ಅಂಕಿಯನ್ನು ಇನ್ನೊಮ್ಮೆ ಓದಿಕೊಂಡು, ತೆಂಗಿನೆಣ್ಣೆ ಹತ್ತಿದ ಬೆರಳಿನಿಂದಲೇ ಅವನು ಬರೆದ: ಉದ್ದ ೧೪ ಮಿಲಿಮೀಟರ್.